ಮನೆ ಕಾಗದ ಇಲ್ಲದವರಿಗೂ ಗ್ರಾಮಸಭೆಯಲ್ಲಿ ಕುರ್ಚಿ ಇದೆ

(ಸಾಂಕೋಲೆಯ ಜುವಾರಿನಗರದಲ್ಲಿ ಕನ್ನಡ ಯುವಕರ ಕೂಟದಲ್ಲಿ ಆಡಿದ ಮಾತು. ಮೊಬೈಲ್ ರೆಕಾರ್ಡಿಂಗ್ ಕೇಳಿ ನಾನೇ ಬರೆದಿದ್ದೇನೆ. ಆಡುಮಾತು ಅಲ್ಲಲ್ಲಿ ಹಾಗೇ ಉಳಿದಿದೆ, ತಿದ್ದಲು ಹೋಗಿಲ್ಲ.)



ಪರಿಸರದ ಬಗ್ಗೆ ಮಾತಾಡಬೇಕು ಅಂತ ಕರೆದಿದ್ದಾರೆ ಅಂತ ಮನೆಯಲ್ಲಿ ಹೇಳಿದೆ. ನಮ್ಮವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು: "ಮತ್ತ ಯಾರ ಮನಿ ಕೆಡವಾಕ ಹತ್ಯಾರೋ?"

ನಗಬೇಡ್ರಿ. ಅವ್ವನ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. 2004ರ ಜೂನ್‌ನಲ್ಲಿ ಇಲ್ಲೇ ವಾಸ್ಕೋದ ಬೈನಾದಲ್ಲಿ ಬುಲ್ಡೋಜರ್ ಬಂತು. ಆಗ ಹೇಳಿದ ಕಾರಣ ವೇಶ್ಯಾವಾಟಿಕೆ ತೆರವು. ಹತ್ತು ವರ್ಷ ದಾಟಿದ ಮೇಲೆ ಅದೇ ದಂಡೆಯಲ್ಲಿ ಮನೆಗಳು ಬಿದ್ದಾಗ ಹೇಳಿದ ಕಾರಣ ಸಿಆರ್‌ಝಡ್, ಅಂದ್ರೆ ಕಡಲ ತೀರದ ನಿಯಮ. ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದು ಹಡಗುಕಟ್ಟೆಯಲ್ಲಿ, ಗಾರೆ ಕೆಲಸದಲ್ಲಿ ದುಡಿದ ಕುಟುಂಬಗಳು ಪಾತ್ರೆ-ಪಗಡಿ ಇಟ್ಟುಕೊಂಡು ರಸ್ತೆಯಲ್ಲಿ ಕೂತವು. ಹಂಗಾಗಿ ನಮ್ಮ ಮಂದಿಗೆ 'ಪರಿಸರ' ಅನ್ನೋ ಶಬ್ದ ಗಿಡ-ಮರದ ಜೊತೆ ಬರಲಿಲ್ಲ, ಜೆಸಿಬಿ ಜೊತೆ ಬಂತು. ಇದನ್ನ ಒಪ್ಪಿಕೊಳ್ಳದೆ ನಾನು ನಿಮಗೆ ಸಸಿ ನೆಡ್ರಿ ಅಂತ ಹೇಳಿದರೆ ಅದು ಶಾಲೆಯ ಭಾಷಣ ಆಗ್ತದೆ.

ಆದರೆ ಇದೇ ನೆಲದ ಇನ್ನೊಂದು ಕಥೆ ಇದೆ. ಅದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ, ನನಗೂ ಬಿ.ಕಾಂ. ಮುಗಿಯೋ ತನಕ ಗೊತ್ತಿರಲಿಲ್ಲ.

ನಾವು ನಿಂತಿರೋ ಈ ಜುವಾರಿನಗರ ಬೆಳೆದಿದ್ದೇ ಗೊಬ್ಬರದ ಕಾರ್ಖಾನೆಯ ಸುತ್ತ. 1973ರಲ್ಲಿ ಅದು ಗೊಬ್ಬರ ತಯಾರಿಸಲು ಶುರು ಮಾಡಿತು. ನಮ್ಮಪ್ಪ ಈ ಊರಿಗೆ ಬಂದಿದ್ದು ಚೀಲ ಹೊರುವ ಕೆಲಸಕ್ಕೆ. ಕಾರ್ಖಾನೆ ಶುರುವಾದ ಸ್ವಲ್ಪ ದಿನಕ್ಕೇ, 1974ರ ಹೊತ್ತಿಗೆ, ಅದರಿಂದ ಹೊರಬಿದ್ದ ನೀರಿನಲ್ಲಿ ಆರ್ಸೆನಿಕ್ ಇತ್ತು, ವೆಲ್ಸಾಂವ್ ಕಡಲಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದವು. ಬೀದಿಗಿಳಿದವರು ಮೀನುಗಾರರು, ತೆಂಗಿನ ತೋಟದವರು. ಮುಂದೆ ನಿಂತವರು ಮಾತನ್ಹಿ ಸಾಲ್ದಾನ್ಯ, ಒಬ್ಬ ಶಾಲಾ ಮಾಸ್ತರರು. ಅವರೇ ಮುಂದೆ ರಾಂಪಣಕಾರರ, ಅಂದ್ರೆ ದಂಡೆಯಿಂದ ದೊಡ್ಡ ಬಲೆ ಎಳೆಯುವ ಬೆಸ್ತರ ನಾಯಕರಾದರು, ಈ ಕುಠ್ಠಾಳಿ ಕ್ಷೇತ್ರದ ಶಾಸಕರಾದರು, ಮಂತ್ರಿಯಾದರು, 2012ರ ಮಾರ್ಚ್‌ನಲ್ಲಿ ತೀರಿಕೊಂಡರು. 2000ದ ಸುಮಾರಿಗೆ ಇದೇ ಸಾಂಕೋಲೆ ಕೈಗಾರಿಕಾ ವಸಾಹತಿನ ಮೆಟಾ ಸ್ಟ್ರಿಪ್ಸ್ ಅನ್ನೋ ತಾಮ್ರದ ಕಾರ್ಖಾನೆ ವಿರುದ್ಧ ದೊಡ್ಡ ಚಳವಳಿ ನಡೆದಾಗಲೂ ಅವರು ಇದ್ದರು.

ಆ ಹೊತ್ತಿನಲ್ಲಿ ನಮ್ಮವರು ಎಲ್ಲಿದ್ದರು? ಗೇಟಿನ ಒಳಗೆ. ಪಗಾರ ಅಲ್ಲಿಂದ ಬರ್ತಿತ್ತು. ನಾನು ಅಪ್ಪನನ್ನ ತಪ್ಪು ಅನ್ನೋದಿಲ್ಲ. ಆದರೆ ಹೊರಗೆ ನಿಂತವರಿಗೆ ನಾವು ಕಂಪನಿಯ ಕಡೆಯ ಜನ ಅಂತ ಕಂಡೆವು. ಇವತ್ತಿಗೂ ಆ ಲೆಕ್ಕ ಚುಕ್ತಾ ಆಗಿಲ್ಲ.

ಈಗ ಗುಡ್ಡದ ಮಾತಿಗೆ ಬರ್ತೀನಿ. 2024ರಲ್ಲಿ ಸಾಂಕೋಲೆಯ ಗುಡ್ಡದ ಇಳಿಜಾರಿನಲ್ಲಿ ಭೂತಾನಿ ಕಂಪನಿಯ ನೂರಾರು ಫ್ಲಾಟುಗಳ ಯೋಜನೆ ಬಂದಾಗ ಏನಾಯ್ತು ಅಂತ ನೀವೆಲ್ಲ ಪೇಪರಿನಲ್ಲಿ ನೋಡಿದ್ದೀರಿ. ಮಾಜಿ ಸರಪಂಚರೊಬ್ಬರು ಉಪವಾಸ ಕೂತರು. ಗೋವಾದ ಬೇರೆ ಬೇರೆ ಮೂಲೆಯಿಂದ ಜನ ಬಂದರು. ಪ್ರಶ್ನೆ ಸರಳ ಇತ್ತು: ಗುಡ್ಡ ಕಡಿದರೆ ಮಳೆನೀರು ಎಲ್ಲಿ ಇಂಗಬೇಕು? ಅಷ್ಟು ಫ್ಲಾಟಿಗೆ ನಲ್ಲಿ ನೀರು ಎಲ್ಲಿಂದ? ಅವರ ಚರಂಡಿ ಎಲ್ಲಿಗೆ ಹರೀತದೆ?

ಸ್ವಲ್ಪ ತಲೆ ಓಡಿಸ್ರಿ. ವಾರದಲ್ಲಿ ಎಷ್ಟು ದಿನ ನಲ್ಲಿ ಬರ್ತದೆ ಅಂತ ಯಾವ ಓಣಿಯಲ್ಲಿ ಹೆಣ್ಮಕ್ಕಳು ಬೆರಳೆಣಿಸ್ತಾರೆ? ಮಳೆಗಾಲದಲ್ಲಿ ಇಳಿಜಾರಿನ ಮಣ್ಣು ಜಾರಿದರೆ ಯಾರ ಗೋಡೆ ಮೊದಲು ಬೀಳ್ತದೆ? ಆ ಹೋರಾಟ ನೂರಕ್ಕೆ ನೂರು ನಮ್ಮ ಹೋರಾಟ. ಆದರೂ ನಮ್ಮ ಓಣಿಯಿಂದ ಹೋದವರನ್ನ ಎಣಿಸೋಕೆ ಒಂದು ಕೈ ಸಾಕಿತ್ತು. ನಾನೂ ಹೋಗಲಿಲ್ಲ. ಆಡಿಟ್ ಇತ್ತು ಅಂತ ಹೇಳಿಕೊಂಡೆ. ಆಡಿಟ್ ಇದ್ದದ್ದು ನಿಜ, ಆದರೆ ಭಾನುವಾರ ಯಾವ ಆಡಿಟ್ ಇರ್ತದೆ?

ಯಾಕೆ ಹೋಗಲಿಲ್ಲ? ಹೆದರಿಕೆ. ಬ್ಯಾಂಕಿನ ಕೌಂಟರಿನಲ್ಲಿ ಈ ಹೆದರಿಕೆಯನ್ನ ನಾನು ದಿನಾ ನೋಡ್ತೀನಿ. ಖಾತೆ ತೆರೆಯೋಕೆ ಬರ್ತಾರೆ, ವಿಳಾಸದ ಪುರಾವೆ ಕೇಳಿದ ಕೂಡಲೇ ಮುಖ ಇಳೀತದೆ. ಇಲ್ಲಿನ ಎಷ್ಟೋ ಮನೆಗಳು ನಿಂತಿರೋದು ಕೊಮುನಿದಾದ್ ಜಾಗದಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದು ಊರಿನ ಮೂಲ ಗಾಂವಕಾರರ ಸಾಮೂಹಿಕ ಭೂಮಿ, ಪೋರ್ಚುಗೀಸರಿಗಿಂತ ಹಳೆಯ ಪದ್ಧತಿ. ನಮ್ಮ ಹತ್ತಿರ ಲೈಟ್ ಬಿಲ್ ಇದೆ, ಆಧಾರ್ ಇದೆ, ವೋಟರ್ ಕಾರ್ಡ್ ಇದೆ. ಜಾಗದ ಕಾಗದ ಮಾತ್ರ ಇಲ್ಲ. ಸಕ್ರಮದ ಮಾತು ಪ್ರತಿ ಚುನಾವಣೆಗೂ ಬರ್ತದೆ. ಹೀಗಿರುವಾಗ ಎದ್ದು ನಿಂತು 'ಆ ಕಟ್ಟಡಕ್ಕೆ ಪರವಾನಿಗೆ ಹೆಂಗ ಕೊಟ್ರಿ' ಅಂತ ಕೇಳಿದರೆ, 'ನಿನ್ನ ಮನೆಗೆ ಯಾರು ಕೊಟ್ಟಾರ' ಅಂತ ತಿರುಗಿ ಬಂದರೆ ಏನು ಮಾಡೋದು?

ನನಗೇ ಬಂದಿದೆ. ಒಂದು ಊರಸಭೆ, ಯಾವ ಊರಿನದು ಅಂತ ಹೇಳಲ್ಲ. ಕಸದ ಬಗ್ಗೆ ಕೇಳೋಕೆ ಎದ್ದೆ. ಹಿಂದಿನ ಸಾಲಿನಿಂದ ಒಬ್ಬರು "ಘಾಂಟಿ, ಮೊದಲು ನಿಮ್ಮ ನಾಲಾ ನೋಡು" ಅಂದರು. ಇನ್ನೊಬ್ಬರು ಮಹದಾಯಿ ತೆಗೆದರು. ನ್ಯಾಯಮಂಡಳಿ 2018ರ ಆಗಸ್ಟ್ 14ಕ್ಕೆ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿದ್ದಕ್ಕೆ ನಾನು ಉತ್ತರ ಹೇಳಬೇಕಂತೆ! ನಾನು ಕ್ಲರ್ಕು ರೀ, ನೀರಾವರಿ ಮಂತ್ರಿ ಅಲ್ಲ. ಕೂತುಬಿಟ್ಟೆ. ಮೂರು ದಿನ ಊಟ ಸೇರಲಿಲ್ಲ.

ಆಮೇಲೆ ತಣ್ಣಗೆ ಕೂತು ಯೋಚನೆ ಮಾಡಿದೆ. 'ಘಾಂಟಿ' ಅಂದಿದ್ದು ಅವರ ತಪ್ಪು. ನಾಲಾದ ಮಾತು ಮಾತ್ರ ಸುಳ್ಳಲ್ಲ. ಜೂನ್‌ನಲ್ಲಿ ಮೊದಲ ಮಳೆಗೆ ನಮ್ಮ ನಾಲಾದಲ್ಲಿ ಏನು ತೇಲ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಓಣಿಯ ಹನ್ನೊಂದು ಮನೆಯವರನ್ನ ಕೂಡಿಸಿದೆ. ಹಸಿ ಕಸ ಬೇರೆ, ಒಣ ಕಸ ಬೇರೆ; ಇದು ಘನತ್ಯಾಜ್ಯ ನಿಯಮದಲ್ಲೇ ಇದೆ, ಬೇರೆ ಮಾಡಿ ಕೊಡೋದು ಮನೆಯವರ ಕರ್ತವ್ಯ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಯಾವ ಮನೆ, ಯಾವ ದಿನ, ಬೇರೆ ಮಾಡಿದ್ದಾರೋ ಇಲ್ಲವೋ ಅಂತ ಬರೆದೆ. ಮೊದಲ ವಾರ ನಾಲ್ಕು ಮನೆ. ನಮ್ಮನೆಯೇ ಎರಡು ದಿನ ತಪ್ಪಿಸಿತು, ಅದನ್ನೂ ಬರೆದೆ. ಅದನ್ನ ನೋಡಿಯೇ ಪಕ್ಕದ ಮನೆಯ ಕಾಕೂ ಶುರು ಮಾಡಿದರು. ಈಗ ಒಂಬತ್ತು ಮನೆ. ಉಳಿದ ಎರಡು ಮನೆ ಬಾಡಿಗೆಯವರು, ಬದಲಾಗ್ತಾ ಇರ್ತಾರೆ, ಏನು ಮಾಡೋದು.

ಇದರಿಂದ ಭೂಮಿ ಉಳೀತದೆ ಅಂತ ನಾನು ಹೇಳಲ್ಲ. ಮುಂದಿನ ಸಲ ಎದ್ದು ನಿಂತಾಗ ಕೈಯಲ್ಲಿ ಆ ನೋಟ್‌ಬುಕ್ ಇರ್ತದೆ, ಅಷ್ಟೇ.

ಈಗ ಕಾನೂನಿನ ಮಾತು, ಇದನ್ನ ಗಟ್ಟಿಯಾಗಿ ಹಿಡ್ಕೊಳ್ರಿ. 1994ರ ಗೋವಾ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಸದಸ್ಯ ಯಾರು? ಆ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರೋ ಪ್ರತಿಯೊಬ್ಬರು. ಗಾಂವಕಾರ ಆಗಿರಬೇಕಂತಿಲ್ಲ, ಜಾಗದ ಕಾಗದ ಬೇಕಂತಿಲ್ಲ, ಅಜ್ಜ ಎಲ್ಲಿ ಹುಟ್ಟಿದ ಅಂತ ಕೇಳಂಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದೊಂದು ಭಾನುವಾರ ಸಭೆ. ಪಂಚಾಯತಿಯ ಕೆಲಸದ ಮೇಲೆ ಕಣ್ಣಿಡಲು ಮೇಲ್ವಿಚಾರಣಾ ಸಮಿತಿಗಳನ್ನ ಮಾಡೋ ಅಧಿಕಾರವೂ ಗ್ರಾಮಸಭೆಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಕೆರೆ, ಗುಡ್ಡ, ಗಿಡ, ಪಕ್ಷಿ ಎಲ್ಲ ಒಂದು ದಾಖಲೆ ಪುಸ್ತಕದಲ್ಲಿ ಬರಬೇಕು. ಅದರಲ್ಲಿ ನಮ್ಮ ಮಗ್ಗುಲಿನ ಇಳಿಜಾರು ಬರೆದಿದೆಯೋ ಇಲ್ಲವೋ ಅಂತ ಕೇಳೋ ಹಕ್ಕು ನಮಗಿದೆ.

ಯಾವ ಭಾಷೆಯಲ್ಲಿ ಕೇಳೋದು? ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನ ಒಕ್ಕೂಟದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡೋ ಹಕ್ಕು ಕೊಟ್ಟಿದೆ. ಕಾಸರಗೋಡಿನಲ್ಲಿ, ಅಕ್ಕಲಕೋಟೆ-ಜತ್ತದಲ್ಲಿ ಇರೋ ಗೆಳೆಯರು ಅದನ್ನ ಬಿಡಬಾರದು. ಆದರೆ ಗೋವಾದ ಗ್ರಾಮಸಭೆಯಲ್ಲಿ ಬಾಯಿಮಾತು ಕೊಂಕಣಿಯಲ್ಲೇ ಆಡ್ರಿ. ತಪ್ಪುತಪ್ಪಾದರೂ ಆಡ್ರಿ. ನಾವು ಮೀನು ಮಾರ್ಕೆಟ್ಟಿನಲ್ಲಿ ಕೊಂಕಣಿಯಲ್ಲೇ ಚೌಕಾಸಿ ಮಾಡ್ತೀವಲ್ಲ? ಮನೆಯಲ್ಲಿ ಕನ್ನಡ ಉಳಿಸೋದಕ್ಕೂ ಸಭೆಯಲ್ಲಿ ಕೊಂಕಣಿ ಆಡೋದಕ್ಕೂ ಜಗಳ ಇಲ್ಲ.

ಕಾಸರಗೋಡು ಅಂದೆ. ಅಲ್ಲಿಯ ಎಣ್ಮಕಜೆ ಪಂಚಾಯತಿಯನ್ನ ನೋಡ್ರಿ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿಯ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನಕುಮಾರ್ ರೋಗಿಗಳನ್ನ ನೋಡ್ತಾ ನೋಡ್ತಾ, ಇಷ್ಟು ಚಿಕ್ಕ ಊರಲ್ಲಿ ಇಷ್ಟು ಮಂದಿಗೆ ಇಂಥ ರೋಗ ಯಾಕೆ ಅಂತ ಗಮನಿಸಿದರು. ಅಡಿಕೆ ಪತ್ರಿಕೆಯ ಶ್ರೀ ಪಡ್ರೆ ಬರೆದು ಹೊರಜಗತ್ತಿಗೆ ಮುಟ್ಟಿಸಿದರು. ಅದೇ ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿಯಮ್ಮ ಕೋರ್ಟಿಗೆ ಹೋದರು. ಒಬ್ಬರು ಕನ್ನಡದಲ್ಲಿ, ಒಬ್ಬರು ಮಲಯಾಳದಲ್ಲಿ. ವಿಷ ಭಾಷೆ ಕೇಳಿರಲಿಲ್ಲ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟಿತು. ಗಡಿನಾಡ ಕನ್ನಡಿಗರು ಇಂಥಾದ್ದನ್ನ ಮಾಡಿದ್ದಾರೆ, ನಾವೇನು ಮೊದಲಿಗರಲ್ಲ.

ವಾಸ್ಕೋದ ಕಲ್ಲಿದ್ದಲ ಬಗ್ಗೆ ಎರಡೇ ಮಾತು. ಮುರಗಾಂವ ಬಂದರಿನಲ್ಲಿ ಇಳಿಯೋ ಕಲ್ಲಿದ್ದಲು ರೈಲಿನಲ್ಲಿ ಘಟ್ಟ ಹತ್ತಿ ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿಗೆ ಹೋಗ್ತದೆ. ಬಂದರು ವಿಸ್ತರಣೆಗೆ 2017ರ ಏಪ್ರಿಲ್‌ನಲ್ಲಿ ವಾಸ್ಕೋದಲ್ಲಿ ಸಾರ್ವಜನಿಕ ಅಹವಾಲು ಶುರುವಾಗಿ ದಿನಗಟ್ಟಲೆ ನಡೆಯಿತು, ಜನ ವಿರೋಧ ಬರೆಸಿದರು. ರೈಲು ಹಳಿ ಜೋಡಿ ಮಾಡೋದಕ್ಕೆ ಕ್ಯಾಸಲ್‌ರಾಕ್‌ನಿಂದ ಕುಳೆಂ ತನಕ ಕಾಡಿನಲ್ಲಿ ಕೊಟ್ಟಿದ್ದ ಅನುಮತಿಯನ್ನ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಆ ಉಕ್ಕಿನಿಂದ ನಮ್ಮ ಊರ ಕಡೆ ಹುಡುಗರಿಗೆ ಕೆಲಸ ಸಿಗ್ತದೆ, ಧೂಳು ಮಾತ್ರ ಇಲ್ಲಿ ಬೀಳ್ತದೆ, ಅದನ್ನ ಕುಡಿಯೋರಲ್ಲೂ ನಮ್ಮವರೇ ಇದ್ದಾರೆ. ಈ ಗಂಟನ್ನ ನಾನು ಬಿಡಿಸಲಾರೆ. ಮುರಗಾಂವ ಪುರಸಭೆಯ ವಾರ್ಡುಗಳಲ್ಲಿ ವೋಟು ಹಾಕೋ ನಮ್ಮವರು ಕೌನ್ಸಿಲರನ್ನ ಕೇಳೋವಾಗ ನಲ್ಲಿ, ಗಟಾರದ ಜೊತೆ ಧೂಳನ್ನೂ ಕೇಳಲಿ.

ಕೊನೆಗೆ ಕೆಲಸದ ಮಾತು. ಮುಂದಿನ ಗ್ರಾಮಸಭೆಯ ನೋಟಿಸ್ ಪಂಚಾಯತ್ ಬೋರ್ಡಿಗೆ ಬಂದ ದಿನ ಗುಂಪಿನಲ್ಲಿ ಫೋಟೋ ಹಾಕ್ತೀನಿ. ಅದಕ್ಕಿಂತ ಮೊದಲಿನ ಶನಿವಾರ ಸಂಜೆ ಚಾದಂಗಡಿಯಲ್ಲಿ ಕೂಡೋಣ, ಪ್ರಶ್ನೆ ಬರೆಯೋಣ. ಎರಡೇ ಪ್ರಶ್ನೆ ಸಾಕು: ಒಂದು ನಾಲಾದ್ದು, ಒಂದು ಗುಡ್ಡದ್ದು. ಎರಡು ಪ್ರತಿ ಮಾಡ್ರಿ, ಒಂದಕ್ಕೆ ಇನ್‌ವರ್ಡ್ ಸೀಲ್ ಹಾಕಿಸಿಕೊಂಡು ಇಟ್ಕೊಳ್ರಿ. ಬ್ಯಾಂಕಿನವನ ಬುದ್ಧಿ ಇದು: ರಿಜಿಸ್ಟರಿನಲ್ಲಿ ಏರದ್ದು ನಡೆದೇ ಇಲ್ಲ. ಸಭೆ ಮುಗಿದ ಮೇಲೆ ನಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ನೋಡಿಯೇ ಹೊರಗೆ ಬರಬೇಕು. ಅಕ್ಕ-ತಂಗಿಯರೂ ಬರಲಿ, ನೀರು ಹಿಡಿಯೋರು ಅವರು. ಯಾರಾದರೂ ಘಾಂಟಿ ಅಂದರೆ ಜಗಳಕ್ಕೆ ಹೋಗಬೇಡ್ರಿ, ವೋಟರ್ ಕಾರ್ಡ್ ಜೇಬಿನಲ್ಲಿರಲಿ.

ಅವ್ವನಿಗೆ ನಾನಿನ್ನೂ ಉತ್ತರ ಹೇಳಿಲ್ಲ. ಸಭೆಗೆ ಕರಕೊಂಡು ಹೋಗ್ತೀನಿ ಅಂತ ಹೇಳಿದ್ದೀನಿ. "ನನಗ ಕೊಂಕಣಿ ಬರಂಗಿಲ್ಲ" ಅಂದಳು. ಮೂವತ್ತು ವರ್ಷದಿಂದ ಮೀನಿನವಳ ಜೊತೆ ಏನು ಭಾಷೆ ಆಡ್ತೀ ಅಂತ ಕೇಳಿದ್ದಕ್ಕೆ ಬೈದಳು.

ಇಷ್ಟು ರೀ. ಕುರ್ಚಿ ಬಾಡಿಗೆಯವು, ಎಂಟು ಗಂಟೆಯೊಳಗೆ ವಾಪಸ್ ಕೊಡಬೇಕು, ನಾಲ್ಕು ಜನ ನಿಲ್ರಿ.