ತೆರಿಗೆ ಇಳಿಯಿತು, ನಮ್ಮ ಮನೆಯಲ್ಲಿ ಎಷ್ಟು ಉಳಿಯಿತು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ತೆರಿಗೆ ಬಗ್ಗೆ ಮಾತಾಡೋಣ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಒಬ್ಬ ಅಮ್ಮ, "ಸಿಸ್ಟರ್, ತೆರಿಗೆ ಕಟ್ಟುವಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿದೆ?" ಅಂದರು. ಎಲ್ಲರೂ ನಕ್ಕಿರಿ. ಸರಿ, ಆದಾಯ ತೆರಿಗೆ ಕಟ್ಟುವವರು ಇಲ್ಲಿ ಬಹುಶಃ ಯಾರೂ ಇಲ್ಲ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಸೋಪು ಹಾಕಿ ಮುಖ ತೊಳೆದು ಬಂದವರು ಎಷ್ಟು ಜನ? ಹಾಗಾದರೆ ಎಲ್ಲರೂ ತೆರಿಗೆ ಕಟ್ಟಿಯೇ ಬಂದಿದ್ದೀರಿ. ಪೇಸ್ಟಿನಲ್ಲಿ, ಸೋಪಿನಲ್ಲಿ, ತಲೆಗೆ ಹಚ್ಚಿದ ಎಣ್ಣೆಯಲ್ಲಿ ಅದು ಸೇರಿಕೊಂಡಿದೆ. ಅದೇ ಜಿಎಸ್‌ಟಿ. 2017ರ ಜುಲೈ 1ರಿಂದ ಜಾರಿಗೆ ಬಂದದ್ದು. ಅಂಗಡಿಯವರು ಅದನ್ನು ಬೇರೆಯಾಗಿ ಕೇಳುವುದಿಲ್ಲ, ಬೆಲೆಯೊಳಗೇ ಸೇರಿಸಿರ್ತಾರೆ. ಹೀಗಾಗಿ ಕಟ್ಟಿದ್ದೂ ನಮಗೆ ಗೊತ್ತಾಗೋದಿಲ್ಲ, ಕಡಿಮೆ ಆದದ್ದೂ ಗೊತ್ತಾಗೋದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಈ ತೆರಿಗೆಯಲ್ಲಿ ದೊಡ್ಡ ಬದಲಾವಣೆ ಆಯಿತು. ಮೈಸೋಪು, ಪೇಸ್ಟು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಇವಕ್ಕೆ ಶೇಕಡಾ 18 ಇದ್ದದ್ದು 5 ಆಯಿತು. ತುಪ್ಪ, ಬೆಣ್ಣೆ, ಹೆಚ್ಚಿನ ಔಷಧಿಗಳು 12ರಿಂದ 5ಕ್ಕೆ ಬಂದವು. ಮಕ್ಕಳ ನೋಟ್ ಪುಸ್ತಕ, ಪೆನ್ಸಿಲ್, ರಬ್ಬರಿಗೆ ತೆರಿಗೆಯೇ ಇಲ್ಲ. ನಮ್ಮ ಹೆಸರಲ್ಲಿ ಮಾಡಿಸಿದ ಜೀವವಿಮೆ, ಆರೋಗ್ಯ ವಿಮೆಯ ಕಂತಿನ ಮೇಲಿದ್ದ ತೆರಿಗೆಯನ್ನೂ ತೆಗೆದರು. ಹಳೆ ರಸೀದಿ, ಹೊಸ ರಸೀದಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಟ್ಟೆ ಒಗೆಯುವ ಪುಡಿಗೆ ಮಾತ್ರ ಆ ದಿನ ಇಳಿಯಲಿಲ್ಲ, 18ರಲ್ಲೇ ಉಳಿಯಿತು. ಯಾಕೋ, ಬಟ್ಟೆ ಒಗೆಯುವವರು ಯಾರೂ ಆ ಸಭೆಯಲ್ಲಿ ಇರಲಿಲ್ಲವೋ ಏನೋ.

ಈಗ ಲೆಕ್ಕ ಮಾಡೋಣ. ತಿಂಗಳಿಗೆ ಸೋಪು, ಪೇಸ್ಟು, ಶಾಂಪೂ, ಎಣ್ಣೆಗೆ ಹಳೆ ಬೆಲೆಯಲ್ಲಿ 590 ರೂಪಾಯಿ ಆಗುತ್ತಿತ್ತು ಅಂದುಕೊಳ್ಳಿ. ಅದರಲ್ಲಿ ಸಾಮಾನಿನ ಬೆಲೆ 500, ತೆರಿಗೆ 90. ಶೇಕಡಾ 5ರ ಲೆಕ್ಕದಲ್ಲಿ ಅದೇ ಸಾಮಾನಿಗೆ 525. ಉಳಿದದ್ದು 65 ರೂಪಾಯಿ. ವರ್ಷಕ್ಕೆ 780. ಸಣ್ಣ ಮೊತ್ತ ಅನ್ನಬೇಡಿ, ವಾರಕ್ಕೆ 10 ರೂಪಾಯಿ ಉಳಿತಾಯದಿಂದ ಶುರು ಮಾಡಿದ ಸಂಘಗಳು ಇಲ್ಲೇ ಇವೆ. ಆದರೆ ಈ 65 ರೂಪಾಯಿ ಯಾರೂ ನಮ್ಮ ಕೈಗೆ ತಂದು ಕೊಡೋದಿಲ್ಲ. ಅದೇ ತಿಂಗಳು ಒಂದು ಬಿಸ್ಕತ್ ಪೊಟ್ಟಣ ಜಾಸ್ತಿ ತಂದರೆ, ಫೋನಿಗೆ ಒಂದು ಕರೆನ್ಸಿ ಜಾಸ್ತಿ ಹಾಕಿಸಿದರೆ ಹೋಯಿತು. ಅಂಗಡಿಯಿಂದ ಬಂದ ದಿನವೇ ತೆಗೆದು ಬೇರೆ ಡಬ್ಬಿಗೆ ಹಾಕಿದರೆ ಮಾತ್ರ ಅದು ಉಳಿತಾಯ.

ಇಳಿದ ಬೆಲೆ ಇಳಿದೇ ಇರುತ್ತೆ ಅಂತಲೂ ನಂಬಬೇಡಿ. ನಂದಿನಿ ತುಪ್ಪ ನೋಡಿ. ತೆರಿಗೆ ಇಳಿದಾಗ ಲೀಟರಿಗೆ 650ರಿಂದ 610 ಆಯಿತು. ನವೆಂಬರಿನಲ್ಲಿ 700 ಮಾಡಿದರು. ಅದು ತೆರಿಗೆ ಅಲ್ಲ, ಬೆಲೆಯನ್ನೇ ಏರಿಸಿದ್ದು. ಹಾಗೇ ಡೀಸೆಲ್ ಜಿಎಸ್‌ಟಿಯೊಳಗೆ ಬರೋದೇ ಇಲ್ಲ, ಅದಕ್ಕೆ ರಾಜ್ಯದ ಮಾರಾಟ ತೆರಿಗೆ ಬೇರೆ ಇದೆ. 2025ರ ಏಪ್ರಿಲ್ 1ರಂದು ಅದನ್ನು ಏರಿಸಿದರು, ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿ ಆಯಿತು. ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲದಿರಬಹುದು, ಟೊಮೆಟೊ ಬರುವ ಲಾರಿಗೆ ಡೀಸೆಲ್ ಬೇಕಲ್ಲ.

ಈಗ ಒಂದು ಸಂಗತಿ ಹೇಳ್ತೀನಿ. ಯಾರು, ಯಾವ ಊರು ಅಂತ ಕೇಳಬೇಡಿ, ಅವರ ಅನುಮತಿ ಪಡೆದೇ ಹೇಳ್ತಾ ಇದ್ದೀನಿ. ಆ ಸಲ ತೆರಿಗೆ ಇಳಿದದ್ದು ನವರಾತ್ರಿಯ ಮೊದಲ ದಿನ. ಎಲ್ಲಿ ನೋಡಿದರೂ "ತೆರಿಗೆ ಇಳಿದಿದೆ, ಇವತ್ತೇ ಕೊಳ್ಳಿ" ಅಂತ ಬೋರ್ಡು. ನಮ್ಮ ಒಬ್ಬ ಅಕ್ಕ ದೊಡ್ಡ ಟಿವಿ ತಂದರು. 32,000 ಇದ್ದದ್ದು 29,500ಕ್ಕೆ ಸಿಕ್ಕಿತು, 2,500 ಉಳಿಯಿತು ಅಂತ ಖುಷಿ. ಆದರೆ ಕೈಯಲ್ಲಿ ದುಡ್ಡಿರಲಿಲ್ಲ, ತಿಂಗಳಿಗೆ 2,700ರಂತೆ 12 ಕಂತು. ಗುಣಿಸಿ ನೋಡಿ: 32,400. ತೆರಿಗೆ ಇಳಿಯುವ ಮೊದಲಿನ ಬೆಲೆಗಿಂತ 400 ಜಾಸ್ತಿಯೇ ಕೊಟ್ಟ ಹಾಗಾಯಿತು!

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅವರಿಗೆ ಸಂಘದಲ್ಲಿ ಹಸುವಿನ ಸಾಲ ಇತ್ತು. ಮೂರನೆಯ ತಿಂಗಳು ಹಸು ಹಾಲು ಬತ್ತಿಸಿತು. ಟಿವಿ ಕಂತು ಬ್ಯಾಂಕಿನಿಂದ ತಾನೇ ಹೋಗುತ್ತೆ, ಹಾಗಾಗಿ ನಿಂತದ್ದು ಸಂಘದ ಕಂತು. ಎರಡು ತಿಂಗಳು ಕಟ್ಟಲಿಲ್ಲ, ಮೂರನೇ ತಿಂಗಳು ಸಭೆಗೇ ಬರಲಿಲ್ಲ. ಅವರ ನಂತರ ಸಾಲಕ್ಕೆ ಬರೆಸಿದ್ದ ತಾಯಿ ಮಗಳ ಕಾಲೇಜು ಫೀಸಿಗೆ ಹೊರಗಡೆ ಬಡ್ಡಿಗೆ ತಂದರು. ಹದಿಮೂರು ವರ್ಷ ಒಟ್ಟಿಗೆ ಕೂತ ಹೆಂಗಸರು ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಹೋದರು. ಟಿವಿ ತಂದದ್ದು ತಪ್ಪು ಅಂತ ನಾನು ಹೇಳೋದಿಲ್ಲ, ಬಡವರ ಮನೆಯಲ್ಲೂ ಮಕ್ಕಳಿಗೆ ಆಸೆ ಇರುತ್ತೆ. ನನಗೆ ಬೇಜಾರಾದದ್ದು, ಅದೇ ಅಕ್ಕ ಎರಡು ವರ್ಷದಿಂದ ಹೊಲಿಗೆ ಯಂತ್ರ ಬೇಕು ಅನ್ನುತ್ತಿದ್ದರು. ಅದಕ್ಕೂ ತೆರಿಗೆ 12ರಿಂದ 5ಕ್ಕೆ ಇಳಿದಿತ್ತು. 11,200ರ ಯಂತ್ರ 10,500. ಆ ಬೋರ್ಡನ್ನು ಯಾರೂ ಹಾಕಿರಲಿಲ್ಲ, ನಾವೂ ಸಭೆಯಲ್ಲಿ ಹೇಳಿರಲಿಲ್ಲ. ಈಗ ಅವರು ಮತ್ತೆ ಸಭೆಗೆ ಬರ್ತಾ ಇದ್ದಾರೆ, ಬಾಕಿಯನ್ನು ಸ್ವಲ್ಪ ಸ್ವಲ್ಪ ತೀರಿಸ್ತಾ ಇದ್ದಾರೆ.

ಇನ್ನು ಹೂವು, ತರಕಾರಿ ಮಾರುವವರ ಭಯ. 2025ರ ಜುಲೈಯಲ್ಲಿ ಫೋನ್ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಬಂದಾಗ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಅಂತ ಬರೆದರು. ಗಾಬರಿ ಬೇಡ. ಸಾಮಾನು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 11,000 ವ್ಯಾಪಾರ. ಸೇವೆಗೆ 20 ಲಕ್ಷ. ತಾಜಾ ತರಕಾರಿ, ಹೂವು, ಹಾಲಿಗೆ ತೆರಿಗೆ ಇಲ್ಲ. ಆದರೆ ನಿಮ್ಮ ಫೋನಿಗೆ ಪಕ್ಕದ ಅಂಗಡಿಯ ದುಡ್ಡು, ಸಂಘದ ಉಳಿತಾಯ, ಮೈದುನನ ವ್ಯಾಪಾರದ ದುಡ್ಡು ಎಲ್ಲ ಹಾಕಿಸಿಕೊಳ್ಳಬೇಡಿ. ಅದೆಲ್ಲ ನಿಮ್ಮ ಹೆಸರಿನ ಲೆಕ್ಕವಾಗಿ ಕಾಣುತ್ತೆ, ಆಮೇಲೆ ಬಿಡಿಸಿ ಹೇಳುವ ಕಷ್ಟ ನಿಮ್ಮದೇ. ಗೃಹಲಕ್ಷ್ಮಿಯ 2,000 ಕೂಡ ಮರೆಯಬೇಡಿ: ನೀವು ಅಥವಾ ನಿಮ್ಮ ಯಜಮಾನರು ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಅದು ಸಿಗೋದಿಲ್ಲ. ಸಾಲ ಕೊಡಿಸ್ತೀನಿ ಅಂತ ಯಾರಾದರೂ ನಿಮ್ಮ ಆಧಾರ್, ಪ್ಯಾನ್ ತೆಗೆದುಕೊಂಡು ಜಿಎಸ್‌ಟಿ ನಂಬರ್ ಮಾಡಿಸಲು ಬಂದರೆ, ಸಹಿ ಹಾಕುವ ಮುಂಚೆ ಸಂಘದಲ್ಲಿ ಕೇಳಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದು ತಿಂಗಳ ಅಂಗಡಿ ಬಿಲ್ಲು ತನ್ನಿ. ಬಿಲ್ಲು ಕೊಡದ ಅಂಗಡಿಯಾದರೆ ಪೊಟ್ಟಣದ ಮೇಲಿನ ಬೆಲೆ ಬರೆದುಕೊಂಡು ಬನ್ನಿ. ಓದಲು ಬಾರದವರು ಮಕ್ಕಳ ಹತ್ತಿರ ಬರೆಸಿ. ಎಲ್ಲರೂ ಕೂತು ಲೆಕ್ಕ ಹಾಕೋಣ. ಈಗ ಚಹಾ ಬಂದಿದೆ, ಕುಡಿದುಕೊಂಡು ಪ್ರಶ್ನೆ ಇದ್ದರೆ ಕೇಳಿ.