ಇರುಳು ಹೊಲಕ್ಕೆ ಹೋಗುವಾಗ: ಕಣ್ಣಿಗೂ ಬ್ಯಾಟರಿಗೂ ಅಗ್ಗದ ಸುಧಾರಣೆ



ಊಟ ಮುಗಿಸಿ ಹಾಸಿಗೆ ಬಿಡಿಸುವ ಹೊತ್ತಿಗೆ "ಥ್ರೀ ಫೇಸ್ ಕರೆಂಟು ಬಂತು" ಅಂತ ಯಾರೋ ಕೂಗುತ್ತಾರೆ. ಮನೆಯ ಯಜಮಾನ ಏಳುತ್ತಾನೆ, ಗೂಟಕ್ಕೆ ತೂಗುಹಾಕಿದ ಬ್ಯಾಟರಿ ತಕ್ಕೊಂಡು ಹೊಲದ ದಾರಿ ಹಿಡಿಯುತ್ತಾನೆ. ಮುಂಡರಗಿ ಕಡೆ ಗೋವಿನಜೋಳಕ್ಕೆ ನೀರು ತಿರುವಬೇಕು. ಲಕ್ಷ್ಮೇಶ್ವರ ಕಡೆ ಉಳ್ಳಾಗಡ್ಡಿ ಮಡಿ ನೋಡಬೇಕು. ಶಿರಹಟ್ಟಿ ಕಡೆ, ಕಪ್ಪತಗುಡ್ಡದ ಸೆರಗಿನಲ್ಲಿ ಇರುವವರು ಹಂದಿ ಕಾಯಬೇಕು. ಗದಗ-ಬೆಟಗೇರಿ ಪೇಟೆಗೆ ಮಾಲು ಹಾಕಿ ಬರುವವರು ಹೊತ್ತು ಮುಳುಗಿದ ಮೇಲೆ ಚಕ್ಕಡಿ ಹೊಡಕೊಂಡು ಊರು ಸೇರಬೇಕು. ಇವರೆಲ್ಲರಿಗೂ ಇರುವ ತೊಂದರೆ ಒಂದೇ. ಕತ್ತಲೆಯಲ್ಲಿ ಕಾಣುವುದು ಹ್ಯಾಂಗ?

ಮಿಲಿಟರಿಯವರ ಹತ್ತಿರ ಇರುಳಿನಲ್ಲಿ ಕಾಣುವ ದುರ್ಬೀನು ಇರುತ್ತದೆ. ಚುಕ್ಕಿಗಳ ಕಿಂಚಿತ್ ಬೆಳಕನ್ನು ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುವ ಯಂತ್ರ ಅದು. ಬೆಲೆ ನಮ್ಮ ಕೈಗೆ ನಿಲುಕುವುದಲ್ಲ. ಅದು ಇಲ್ಲ ಅಂತ ಚಿಂತಿಸಬೇಕಾಗಿಲ್ಲ. ದೇವರು ಕೊಟ್ಟ ಕಣ್ಣು, ಮನೆಯಲ್ಲಿರುವ ಬ್ಯಾಟರಿ, ಇವೆರಡನ್ನು ಸರಿಯಾಗಿ ಬಳಸಿದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಬಹಳಷ್ಟು ಕೆಲಸ ಸಾಗುತ್ತದೆ.

ಮೊದಲು ಕಣ್ಣಿನ ಮಾತು. ನಮ್ಮ ಕಣ್ಣಿನ ಹಿಂಬದಿಯ ಪರದೆಯಲ್ಲಿ ಎರಡು ತರದ ಸೂಕ್ಷ್ಮ ಕಣಗಳಿವೆ. ಒಂದು ತರದವು ಹಗಲಿಗೆ, ಬಣ್ಣ ಗುರುತಿಸುವುದಕ್ಕೆ. ಇನ್ನೊಂದು ತರದವು ಇರುಳಿಗೆ. ಈ ಇರುಳಿನ ಕಣಗಳು ಪೂರಾ ಎಚ್ಚರಾಗಲು 20ರಿಂದ 30 ಮಿನಿಟು ಕತ್ತಲೆ ಬೇಕು. ಅಷ್ಟು ಹೊತ್ತು ಕಾದು ಎಚ್ಚರಾದ ಕಣ್ಣನ್ನು ಮೊಬೈಲಿನ ಬಿಳಿ ಬೆಳಕು ಒಂದು ಗಳಿಗೆಯಲ್ಲಿ ಮತ್ತೆ ಕೆಡಿಸುತ್ತದೆ. ಆದ್ದರಿಂದ ಹೊರಡುವ ಮುಂಚೆ ಸ್ವಲ್ಪ ಹೊತ್ತು ದೀಪದಿಂದ ದೂರ ಕೂಡ್ರಿ. ದಾರಿಯಲ್ಲಿ ಫೋನು ನೋಡಲೇಬೇಕಾದರೆ ಒಂದು ಕಣ್ಣು ಮುಚ್ಚಿಕೊಂಡು ನೋಡ್ರಿ; ಆ ಮುಚ್ಚಿದ ಕಣ್ಣು ಕತ್ತಲೆಗೆ ಉಳಿದಿರುತ್ತದೆ. ಇನ್ನೊಂದು ಯುಕ್ತಿ ಇದೆ. ದೂರದಲ್ಲಿ ಏನೋ ಕಪ್ಪಗೆ ಕಂಡರೆ ಅದನ್ನೇ ನೆಟ್ಟಗೆ ನೋಡಬಾರದು, ತುಸು ಪಕ್ಕಕ್ಕೆ ನೋಡಬೇಕು. ಇರುಳಿನ ಕಣಗಳು ಕಣ್ಣಿನ ನಟ್ಟ ನಡುವೆ ಇಲ್ಲ, ಸುತ್ತಲೂ ಇವೆ. ಹಿಂಗಾಗಿ ಓರೆ ನೋಟಕ್ಕೆ ಹೆಚ್ಚು ಕಾಣುತ್ತದೆ.

ಇನ್ನು ಬ್ಯಾಟರಿ. "ಸೆಲ್ಲು ಹೊಸವೇ ಹಾಕೇನಿ, ಆದರೂ ಬೆಳಕು ಮಂಕು" ಅನ್ನುವವರು ಬಹಳ. ಬಿಚ್ಚಿ ನೋಡ್ರಿ. ಸ್ಪ್ರಿಂಗಿಗೆ, ಸೆಲ್ಲು ತಾಗುವ ತಗಡಿಗೆ ಹಸಿರೋ ಬಿಳಿಯೋ ಕಿಲುಬು ಹತ್ತಿರುತ್ತದೆ. ನುಣುಪಾದ ಉಸುಕಿನ ಕಾಗದದಿಂದ ಹಗುರವಾಗಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿರಿ. ಸ್ಪ್ರಿಂಗು ಸೋತಿದ್ದರೆ ತುಸು ಎಳೆದು ಬಿಡಿರಿ. ಮುಂದಿನ ಗಾಜನ್ನು ಸಾಬೂನು ನೀರಿನಲ್ಲಿ ತೊಳೆಯಿರಿ. ಆದರೆ ಒಳಗಿನ ಹೊಳೆಯುವ ಬಟ್ಟಲಿಗೆ ಬೂದಿ ಹಚ್ಚಿ ತಿಕ್ಕಬೇಡಿ. ಆ ಹೊಳಪು ಬಹಳ ತೆಳುವಾದದ್ದು, ಎದ್ದು ಹೋದರೆ ಮತ್ತೆ ಬಾರದು. ಧೂಳನ್ನು ಊದಿ ತೆಗೆದರೆ ಸಾಕು. ಹಳೆಯ ಸೆಲ್ಲಿನ ಜೋಡಿ ಹೊಸದನ್ನು ಕೂಡಿಸಬೇಡಿ. ಕರೆಂಟಿಗೆ ಹಚ್ಚುವ ಬ್ಯಾಟರಿಯಾದರೆ ಪೂರಾ ಬರಿದಾಗಲು ಬಿಡದೆ ಆಗಾಗ ಚಾರ್ಜು ಮಾಡ್ರಿ. ಬರಿದಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದದ್ದು ಬೇಗ ಸಾಯುತ್ತದೆ.

ಬೆಳಕು ದೂರ ಹೋಗುವುದೇ ದೊಡ್ಡದು ಅಂತ ತಿಳಿಯಬೇಡಿ. ದೂರ ಹೋಗುವ ಬೆಳಕು ಸೂಜಿಯ ಹಾಗೆ. ಅಲ್ಲಿ ಮರ ಕಾಣುತ್ತದೆ, ಇಲ್ಲಿ ಕಾಲ ಬುಡದ ಹಾವು ಕಾಣದು. ಹಾಲಿನ ಪಾಕೀಟಿನ ಬೆಳ್ಳಗಿರುವ ಹಾಳೆಯನ್ನು ತೊಳೆದು ಒಣಗಿಸಿ, ಅಚ್ಚು ಇಲ್ಲದ ತುಣುಕನ್ನು ಕತ್ತರಿಸಿ ಗಾಜಿನ ಮೇಲೆ ರಬ್ಬರಿನಿಂದ ಬಿಗಿದರೆ ಬೆಳಕು ಹರಡಿ ಎರಡೂ ಕಾಲಿನ ಆಚೀಚೆ ಬೀಳುತ್ತದೆ. ದೂರ ನೋಡಬೇಕಾದಾಗ ತೆಗೆದರಾಯಿತು. ಎರಡೂ ಕೈ ಬೇಕಾದ ಕೆಲಸವಿದ್ದರೆ ಸೈಕಲ್ಲಿನ ಹಳೆಯ ಟ್ಯೂಬಿನಿಂದ ಬೆರಳಗಲ ಪಟ್ಟಿ ಕತ್ತರಿಸಿ, ಸಣ್ಣ ಬ್ಯಾಟರಿಯನ್ನು ರುಮಾಲಿನ ಮೇಲೆ ಕಟ್ಟಿಕೊಳ್ಳಿರಿ.

ಬ್ಯಾಟರಿ ಹಿಡಿಯುವುದರಲ್ಲೂ ಒಂದು ರೀತಿ ಇದೆ. ನಡೆಯುವಾಗ ಮೊಣಕಾಲಿನ ಹತ್ತಿರ ಕೆಳಗೆ ಹಿಡಿಯಿರಿ. ಆಗ ಹೆಂಟೆ, ಕಲ್ಲು, ಹಾವು ಎಲ್ಲಕ್ಕೂ ಉದ್ದ ನೆರಳು ಬಿದ್ದು ಎದ್ದು ಕಾಣುತ್ತವೆ. ತಲೆಯ ಮೇಲಿನ ಬೆಳಕಿಗೆ ನೆರಳು ಕಾಣದು, ನೆಲ ಚಪ್ಪಟೆಯಾಗಿ ತೋರುತ್ತದೆ. ಆದರೆ ದೂರದ ಪ್ರಾಣಿ ಹುಡುಕುವಾಗ ಬ್ಯಾಟರಿಯನ್ನು ಕಿವಿಯ ಪಕ್ಕ, ಕಣ್ಣಿನ ಸಮಕ್ಕೆ ಹಿಡಿಯಿರಿ. ದನ, ಕುರಿ, ನಾಯಿ, ನರಿ, ತೋಳ, ಚಿಗರಿ, ಇವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ಅದು ಬೆಳಕನ್ನು ಬಂದ ಕಡೆಗೇ ತಿರುಗಿ ಕಳಿಸುತ್ತದೆ. ಬೆಳಕಿನ ಹತ್ತಿರ ಕಣ್ಣು ಇದ್ದವನಿಗೆ ಮಾತ್ರ ಆ ಹೊಳಪು ಕಾಣುತ್ತದೆ. ಒಂದು ಮಾತು ನೆನಪಿಡಿ: ಹಂದಿಗೂ ಹಾವಿಗೂ ಆ ಪದರ ಇಲ್ಲ. "ಕಣ್ಣು ಹೊಳೀಲಿಲ್ಲ, ಏನೂ ಇಲ್ಲ ಬಿಡು" ಅಂತ ಬೆಳೆಯೊಳಗೆ ನುಗ್ಗಬೇಡಿ. ಮೊದಲು ಕೂಗು ಹಾಕಿ, ತಗಡು ಬಾರಿಸಿ, ಅದಕ್ಕೆ ಓಡಿಹೋಗಲು ದಾರಿ ಬಿಡಿರಿ.

ಅಟ್ಟಣಿಗೆಯ ಮೇಲೆ ಕೂತು ಕಾಯುವವರಿಗೆ ಕೆಂಪು ಬೆಳಕು ಒಳ್ಳೆಯದು. ಗಣಪತಿ ಹಬ್ಬದ ಮಂಟಪಕ್ಕೆ ಹಚ್ಚುವ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರು ಮಾಡಿ ಗಾಜಿಗೆ ಕಟ್ಟಿರಿ. ಮಂದ ಕೆಂಪು ಬೆಳಕು ಇರುಳಿನ ಕಣಗಳನ್ನು ಅಷ್ಟಾಗಿ ಕೆಣಕುವುದಿಲ್ಲ; ಎಲೆ ಅಡಿಕೆ ಹಾಕಿಕೊಂಡು, ಗಡಿಯಾರ ನೋಡಿ, ಮತ್ತೆ ಕತ್ತಲೆ ನೋಡಿದರೂ ಕಣ್ಣು ಹಾಗೇ ಇರುತ್ತದೆ. ಆದರೆ ಕೆಳಗಿಳಿದು ನಡೆಯುವಾಗ ಕೆಂಪು ಕಾಗದ ತೆಗೆದು ಬಿಳಿ ಬೆಳಕನ್ನೇ ಹಚ್ಚಿರಿ. ಕೆಂಪು ಬೆಳಕಿನಲ್ಲಿ ಮಣ್ಣಿನ ಬಣ್ಣದ ಕೊಳಕುಮಂಡಲ ಮಣ್ಣಿನಲ್ಲೇ ಕೂಡಿಹೋಗುತ್ತದೆ.

ಈಗ ಕೆಲವರು ಹೊಲಕ್ಕೆ, ಕುರಿದೊಡ್ಡಿಗೆ ಕ್ಯಾಮರಾ ಹಾಕಿಸಿದ್ದಾರೆ. ಅದು ಇರುಳಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟು ನೋಡುತ್ತದೆ. ಚಿತ್ರ ಬರೇ ಬೆಳ್ಳಗೆ ಮಂಜಿನ ಹಾಗೆ ಬಂದರೆ ಯಂತ್ರ ಕೆಟ್ಟಿತು ಅನ್ನಬೇಡಿ. ಗಾಜಿನ ಮುಂದೆ ಜೇಡರ ಬಲೆ, ಧೂಳು, ಹತ್ತಿರದ ಟೊಂಗೆ, ಸುಣ್ಣದ ಗೋಡೆ ಇದ್ದರೆ ಆ ಬೆಳಕು ಅಲ್ಲೇ ತಾಗಿ ಹಿಂದಕ್ಕೆ ಬರುತ್ತದೆ. ವಾರಕ್ಕೊಮ್ಮೆ ಒರೆಸಿರಿ, ಟೊಂಗೆ ಕಡಿಯಿರಿ, ಮೇಲೆ ತಗಡಿನ ಸಣ್ಣ ಚಾಟು ಮಾಡಿರಿ. ಅವಕೆಂಪು ದೀಪವನ್ನೇ ಬೇರೆ ಕೊಂಡು ಹಾಕುವುದಾದರೆ ಕ್ಯಾಮರಾದಿಂದ ಒಂದೆರಡು ಮಾರು ದೂರ ಕಟ್ಟಿರಿ. ಹುಳ, ಹನಿ, ಧೂಳಿನ ಹೊಳಪು ಕಡಿಮೆಯಾಗುತ್ತದೆ.

ಹಣವೇ ಬೇಡದ ಕೆಲಸ ಇನ್ನೂ ಇದೆ. ಬಾವಿಯ ದಂಡೆ, ಬದುವಿನ ಮೂಲೆ, ಕಾಲುವೆ ದಾಟುವ ಕಲ್ಲು, ಸ್ಟಾರ್ಟರ್ ಡಬ್ಬಿಯ ಕಂಬ, ಇವಕ್ಕೆ ವರ್ಷಕ್ಕೆರಡು ಸಲ ಸುಣ್ಣ ಬಳಿಯಿರಿ. ಚುಕ್ಕಿ ಬೆಳಕಿಗೂ ಸುಣ್ಣ ಕಾಣುತ್ತದೆ. ಚಕ್ಕಡಿಯ ಹಿಂದೆ, ಟ್ರ್ಯಾಲಿಯ ಎರಡೂ ಅಂಚಿಗೆ ಪ್ರತಿಫಲಕ ಪಟ್ಟಿ ಅಂಟಿಸಿರಿ. ಲಾರಿಯವನ ದೀಪ ಬಿದ್ದ ಕೂಡಲೆ ಅದು ಅವನಿಗೇ ಹೊಳೆದು ತೋರಿಸುತ್ತದೆ. ಇನ್ನು, ಹಂದಿಗೆಂದು ಬೇಲಿಗೆ ಕರೆಂಟು ಬಿಡುವುದು ಅಪರಾಧ. ಆ ತಂತಿ ಯಾವ ಬ್ಯಾಟರಿಗೂ ಸರಿಯಾಗಿ ಕಾಣದು; ಹಂದಿಗಿಂತ ಮೊದಲು ಮನೆಯವರೇ ತುಳಿದಾರು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಬೆಳಕು ನಮ್ಮ ರಕ್ಷಣೆಗೆ ಇರಲಿ, ಬೇಟೆಗೆ ಬೇಡ.

ತಾಯಂದಿರಿಗೆ ಒಂದು ಮಾತು. ಹೊತ್ತು ಮುಳುಗಿದ ಮೇಲೆ ಮಗು ಹೊಸ್ತಿಲು ಎಡವುತ್ತದೆ, ತಾಟು ತಡವುತ್ತದೆ ಅಂದರೆ ಅದು ತುಂಟತನವಲ್ಲ, ಇರುಳುಗುರುಡು ಇರಬಹುದು. 'ಎ' ಜೀವಸತ್ವದ ಕೊರತೆಯಿಂದ ಬರುವಂಥದ್ದು. ನುಗ್ಗೆಸೊಪ್ಪು, ರಾಜಗಿರಿ, ಮೆಂತ್ಯ, ಗಜ್ಜರಿ, ಪಪ್ಪಾಯಿ ಊಟದಲ್ಲಿ ಇರಲಿ. ಪಲ್ಯಕ್ಕೆ ತುಸು ಎಣ್ಣೆ ಬಿದ್ದರೆ ಜೀವಸತ್ವ ಮೈಗೆ ಹತ್ತುತ್ತದೆ. ಸಣ್ಣ ಮಕ್ಕಳಿಗೆ ಕೊಡುವ 'ಎ' ಜೀವಸತ್ವದ ಹನಿ ತಪ್ಪಿಸಬೇಡಿ. ಕೂಡಲೆ ಡಾಕ್ಟರಿಗೂ ತೋರಿಸಿರಿ. ಮುದುಕರ ಕಣ್ಣಿಗೆ ಹರೆಯದವರಿಗಿಂತ ಬಹಳ ಕಡಿಮೆ ಬೆಳಕು ಒಳಗೆ ಹೋಗುತ್ತದೆ. ಅಪ್ಪನವರು "ನನಗ ದಾರಿ ಗೊತ್ತೈತಿ" ಅಂದರೂ ಇರುಳು ಮೋಟಾರಿಗೆ ಅವರೊಬ್ಬರನ್ನೇ ಕಳಿಸಬೇಡಿ.

ಇಷ್ಟೆಲ್ಲ ಮಾಡಿಯೂ ಹಾವು ಕಚ್ಚಿತು ಅನ್ನಿರಿ. ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ, 108ಕ್ಕೆ ಫೋನು ಮಾಡಿ ಸರಕಾರಿ ದವಾಖಾನೆಗೆ ಒಯ್ಯಿರಿ. ನಂಜಿಗೆ ಇರುವ ಮದ್ದು ಪ್ರತಿವಿಷದ ಸೂಜಿಯೊಂದೇ. ಕಟ್ಟುಹಾವು ಕಚ್ಚಿದರೆ ಬಾವು, ನೋವು ಕಾಣದೇ ಇರಬಹುದು. ಆದರೂ ತಡ ಮಾಡಬಾರದು.

ಇವತ್ತು ಸಂಜೆ ದೀಪ ಹಚ್ಚುವ ಮೊದಲೇ ಮನೆಯ ಬ್ಯಾಟರಿ ಬಿಚ್ಚಿ ಒರೆಸಿರಿ. ಅದರ ಪಕ್ಕದಲ್ಲೇ ಒಂದು ಬಡಿಗೆ, ಒಂದು ಜೊತೆ ಬೂಟು ಇಡಿರಿ. ನಾಳೆ ಬಾವಿಯ ದಂಡೆಗೆ ಸುಣ್ಣ ಬಳಿಯಿರಿ. ಕರೆಂಟು ಯಾವ ಹೊತ್ತಿಗೆ ಬಂದರೂ ಬರಲಿ. ಹೋದವರು ಹೋದ ಹಾಗೆಯೇ ಮನೆಗೆ ಬರಲಿ.