ಶ್ರೀಗಂಧದ ಮೊಕದ್ದಮೆಗಳು: ಕಟಕಟೆಗೆ ಬಂದವರು, ಬಾರದವರು

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೀರಪ್ಪನ್ ಹೆಸರನ್ನು ಕೇಳದವರು ಕನ್ನಡನಾಡಿನ ಗುಡ್ಡಗಾಡುಗಳಲ್ಲಿ ಇರಲಾರರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಆತನೂ ಮೂವರು ಸಹಚರರೂ ತಮಿಳುನಾಡು ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾದರು. ಕಥೆ ಅಲ್ಲಿಗೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಸಂಘಟಿತ ಅಪರಾಧವನ್ನು ಅದರ ನಾಯಕನ ಮೀಸೆಯಿಂದ ಅಳೆಯುವ ಅಭ್ಯಾಸ ಸಿನಿಮಾಕ್ಕೆ ಒಪ್ಪೀತು, ನ್ಯಾಯಾಲಯಕ್ಕೆ ಒಪ್ಪದು. ಈ ದಂಧೆಯನ್ನು ಅರಿಯಬೇಕಾದರೆ ಮೊದಲು ಮರವನ್ನು ಅರಿಯಬೇಕು.

ಶ್ರೀಗಂಧವು ಅರೆಪರಾವಲಂಬಿ, ನೆರೆಯ ಗಿಡಗಳ ಬೇರುಗಳಿಂದ ನೀರು, ಲವಣಗಳನ್ನು ಹೀರಿ ಬೆಳೆಯುತ್ತದೆ. ಬೆಲೆಯಿರುವುದು ಅದರ ಚೇಗಿಗೆ. ಚೇಗು ಚೆನ್ನಾಗಿ ಬಲಿಯಲು ದಶಕಗಳೇ ಬೇಕು. ಎಣ್ಣೆಯ ಅಂಶ ಬೇರಿನಲ್ಲಿ ಅತ್ಯಧಿಕ. ಆದಕಾರಣ ಮರವನ್ನು ಬುಡಸಮೇತ ಅಗೆದರೆ ಲಾಭ ಹೆಚ್ಚು. ಅಗೆಯುವುದು, ಬಿಳಿಭಾಗವನ್ನು ಕೆತ್ತಿ ತೆಗೆಯುವುದು, ಹೊರುವುದು, ಬಚ್ಚಿಡುವುದು, ಗಡಿ ದಾಟಿಸುವುದು, ಎಣ್ಣೆ ಇಳಿಸುವುದು, ಇವೆಲ್ಲ ಒಬ್ಬನ ಕೈಯಲ್ಲಿ ಆಗುವ ಕೆಲಸಗಳಲ್ಲ. ಸರಪಳಿಯ ಕಾಡಿನ ತುದಿಯಲ್ಲಿರುವ ಕೂಲಿಗೆ ದೊರೆಯುವ ಹಣ ಅತಿ ಕಡಿಮೆ, ಹೊರುವ ಅಪಾಯ ಅತಿ ಹೆಚ್ಚು.

ಕಾನೂನೂ ಈ ಸರಪಳಿಗೆ ತಿಳಿದೋ ತಿಳಿಯದೆಯೋ ನೆರವಾಯಿತು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ ನಂತರ, ರೈತನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಅರಸೊತ್ತಿಗೆಯದು, ಆಮೇಲೆ ಸರ್ಕಾರದ್ದು ಎಂಬ ವ್ಯವಸ್ಥೆ ಎರಡು ಶತಮಾನ ಉಳಿಯಿತು. ಮರ ಕಳುವಾದರೆ ಉತ್ತರ ಹೇಳಬೇಕಾದವನು ರೈತ. ಮರದ ಒಡೆತನ ಮಾತ್ರ ಅವನಿಗಿಲ್ಲ. ಅಂಥ ಸಸಿಯನ್ನು ಯಾವ ರೈತ ತಾನೇ ಕಾಪಾಡುತ್ತಾನೆ? 2001ರ ತಿದ್ದುಪಡಿಯ ಬಳಿಕವಷ್ಟೇ ಕರ್ನಾಟಕದಲ್ಲಿ ಜಮೀನಿನ ಒಡೆಯನು ಮರದ ಒಡೆಯನೂ ಆದನು. ಅಷ್ಟರಲ್ಲಿ ಕಾಡು ಬರಿದಾಗಿತ್ತು.

ಈ ಜಾಲವನ್ನು ಬಿಡಿಸಲು ಇನ್ನೊಂದು ದಾರಿ ಇತ್ತೆಂದು ತೋರಿಸಿದವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥಂನಲ್ಲೇ ಉಳಿದು, ಗ್ರಾಮಸ್ಥರ ಮನೆ, ಔಷಧಿ, ದೇವಸ್ಥಾನಗಳ ವಿಚಾರಕ್ಕೆ ಕೈಹಾಕಿ, ಗುಂಪಿನವರನ್ನು ಶರಣಾಗುವಂತೆ ಒಲಿಸತೊಡಗಿದರು. ಶರಣಾಗುವೆನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದನು. ಮರಣೋತ್ತರವಾಗಿ ಕೀರ್ತಿಚಕ್ರ ಬಂದಿತು. ಅವರ ವಿಧಾನ ಮಾತ್ರ ಅವರೊಂದಿಗೇ ಹೋಯಿತು.

ಆ ಮೇಲಿನದು ಬಂದೂಕಿನ ಕಾಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಪೊಲೀಸರಲ್ಲ, ಮಾಹಿತಿದಾರರೆಂದು ಪೊಲೀಸರು ಕರೆದೊಯ್ದಿದ್ದವರು. ಇತ್ತ ಟಾಡಾ ಕಾಯ್ದೆಯಡಿ ನೂರಾರು ಜನರ ಬಂಧನವಾಯಿತು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯೇ ಸಾಕ್ಷ್ಯವಾಗಬಹುದೆಂಬುದು ಆ ಕಾಯ್ದೆಯ ವಿಶೇಷ. ತಪ್ಪೊಪ್ಪಿಗೆ ಕೈಗೆ ಸಿಗುವಂತಿದ್ದರೆ ಹಣದ ಜಾಡನ್ನು ಹುಡುಕುವ ಶ್ರಮ ಯಾರಿಗೆ ಬೇಕು?

2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣಕ್ಕೊಳಗಾದಾಗ ಸರ್ಕಾರವು ಇದೇ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ವೀರಪ್ಪನ್‌ನ ಗುಂಪಿನಿಂದ ಹತ್ಯೆಗೀಡಾದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ವೃದ್ಧ ತಂದೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ನವೆಂಬರ್ 7ರಂದು ನ್ಯಾಯಾಲಯವು ಆ ಕ್ರಮವನ್ನು ತಡೆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪಿತ್ತಾಗ ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು. ಅವರಲ್ಲಿ ಅನೇಕರು ಅಷ್ಟರಲ್ಲಿ ವರ್ಷಗಟ್ಟಲೆ ಸೆರೆಯಲ್ಲಿ ಕಳೆದಿದ್ದರು. ಶಿಕ್ಷೆಯಾದವರು ಬೆರಳೆಣಿಕೆಯವರು. ಅವರಲ್ಲಿ ನಾಲ್ವರ ಜೀವಾವಧಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಏರಿಸಿತು. 2014ರಲ್ಲಿ ಅದು ಮತ್ತೆ ಜೀವಾವಧಿಗೆ ಇಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಮೊಕದ್ದಮೆಗಳು ಹತ್ಯೆಗಳನ್ನು ಕುರಿತವು. ಗಂಧವನ್ನು ಕೊಂಡವರನ್ನು ಕುರಿತವಲ್ಲ.

ಖುಲಾಸೆಯಾದವರ ಹಾಗೂ ಬಂಧನದ ದಾಖಲೆಯೇ ಇಲ್ಲದವರ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಆಲಿಸಿತು. ಮಲೆಮಹದೇಶ್ವರ ಬೆಟ್ಟದಲ್ಲಿ ಕಾರ್ಯಪಡೆ ನಡೆಸುತ್ತಿದ್ದ, ‘ವರ್ಕ್‌ಶಾಪ್’ ಎಂದು ಹೆಸರಾದ ಸ್ಥಳದ ಬಗ್ಗೆ ಜನ ಅಲ್ಲಿ ಹೇಳಿದ್ದನ್ನು ಈ ಸಭೆಯಲ್ಲಿ ವಿವರಿಸುವುದು ಕಷ್ಟ. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು.

ಅದೇ ವರ್ಷಗಳಲ್ಲಿ, ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತ್ತಿ ಎಂಬ ಬುಡಕಟ್ಟು ಗ್ರಾಮದಲ್ಲಿ ನಡೆದುದು ಇನ್ನೂ ಘೋರ. 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಗಂಧ ಹುಡುಕುವ ನೆಪದಲ್ಲಿ ಊರನ್ನು ಮುತ್ತಿ, ಮನೆಗಳನ್ನು ಹಾಳುಗೆಡವಿ, 18 ಮಹಿಳೆಯರ ಮೇಲೆ ಅತ್ಯಾಚಾರವೆಸಗಿದರು. ಹಳ್ಳಿಗರು, ಅವರ ಸಂಘಟನೆ ಪಟ್ಟುಬಿಡಲಿಲ್ಲ. ತನಿಖೆ ಸಿಬಿಐಗೆ ಹೋಯಿತು. ಆರೋಪಿಗಳು 269. 2011ರ ಸೆಪ್ಟೆಂಬರ್ 29ರಂದು, ಅವರಲ್ಲಿ ಬದುಕುಳಿದಿದ್ದ 215 ಮಂದಿಯೂ ತಪ್ಪಿತಸ್ಥರೆಂದು ಧರ್ಮಪುರಿ ನ್ಯಾಯಾಲಯ ಹೇಳಿತು; ಸರಿಯಾಗಿ ಹನ್ನೆರಡು ವರ್ಷಗಳ ನಂತರ, 2023ರ ಸೆಪ್ಟೆಂಬರ್ 29ರಂದು, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಂಧದ ಹೆಸರಿನಲ್ಲಿ ನಡೆದ ಮೊಕದ್ದಮೆಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು, ಹಳ್ಳಿಗರನ್ನು ಆರೋಪಿಗಳನ್ನಾಗಿಸದೆ ಸಾಕ್ಷಿಗಳನ್ನಾಗಿಸಿದ ಈ ಮೊಕದ್ದಮೆ.

ಟಾಡಾ 1995ರಲ್ಲಿ ಕೊನೆಗೊಂಡಿತಾದರೂ, ಎಸ್‌ಪಿ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುವ ಅವಕಾಶ ಕರ್ನಾಟಕದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಮರಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಸಂಘಟಿತ ಅಪರಾಧವನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಇತ್ತ ಗಂಧ ನೆಟ್ಟ ರೈತರ ತೋಟಗಳಲ್ಲಿ ಕಳವು ನಿಂತಿಲ್ಲ. ಮರ ಹೋದ ಬೆಳಗ್ಗೆ ಕುಳಿಯನ್ನು ಮುಚ್ಚದೆ ಅಳೆದು, ಚಿತ್ರ ತೆಗೆದು, ಉಳಿದ ಬೇರಿನ ತುಂಡನ್ನು ಮಹಜರಿನಲ್ಲಿ ಸೇರಿಸುವಂತೆ ಒತ್ತಾಯಿಸಬೇಕು. ಮರದ ತುಂಡನ್ನು ಗುರುತಿಸಬಲ್ಲ ತಜ್ಞರು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾರೆ. ‘ನಮ್ಮ ಸರಹದ್ದಲ್ಲ’ ಎಂದು ಠಾಣೆಯವರು ದೂರನ್ನು ನಿರಾಕರಿಸುವಂತಿಲ್ಲ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಲೇಬೇಕು.